ಹಳೆ ಸಿಬಿಝೆಡ್‌ನ ಡಿಸ್ಕ್ ಬ್ರೇಕ್ ಹಿಡಿದರೆ ಬಿಡುತ್ತಿಲ್ಲ, ಆಯಿಲ್ ಬದಲಿಸಿದರೆ ಸಾಕಾ?

ಪ್ರಶ್ನೆ: ಅಪ್ಪನ 2000ನೇ ಇಸವಿಯ ಹೀರೋ ಹೋಂಡಾ ಸಿಬಿಝೆಡ್ ಹತ್ತು ವರ್ಷ ಕೊಟ್ಟಿಗೆ ಪಕ್ಕದಲ್ಲೇ ನಿಂತಿತ್ತು. ಈಗ ಎಬ್ಬಿಸಿದ್ದೇನೆ. ಎಂಜಿನ್ ಚೆನ್ನಾಗಿದೆ. ಆದರೆ ಮುಂದಿನ ಬ್ರೇಕ್ ಒಮ್ಮೆ ಹಿಡಿದರೆ ಲಿವರ್ ಬಿಟ್ಟರೂ ಚಕ್ರ ಬಿಡಲ್ಲ. ಬ್ರೇಕ್ ಆಯಿಲ್ ಬದಲಿಸಿದೆ. ನಾಲ್ಕು ದಿನ ಸರಿ ಇತ್ತು, ಮತ್ತೆ ಅದೇ ಕಥೆ. ಏನು ಮಾಡಲಿ?

ಉತ್ತರ: ಆಯಿಲ್ ಬದಲಿಸಿದ್ದು ತಪ್ಪಲ್ಲ. ಆದರೆ ಹತ್ತು ವರ್ಷ ಕೂತ ಆಯಿಲ್ ಏನು ಹಾಳು ಮಾಡಬೇಕೋ ಅದನ್ನು ಮಾಡಿ ಆಗಿದೆ. ಅದು ಬಿಟ್ಟುಹೋದ ಕೊಳೆ ಇನ್ನೂ ಒಳಗೇ ಇದೆ.

ನಮ್ಮಲ್ಲಿ ಈ ತೊಂದರೆ ಜಾಸ್ತಿ ಅರ್ಥವಾಗದೇ ಉಳಿದಿರುವುದಕ್ಕೆ ಒಂದು ಕಾರಣ ಇದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಗೆ ಡ್ರಮ್ ಬ್ರೇಕು, ಅಂದರೆ ಆಯಿಲ್ ಇಲ್ಲದ ಹಳೆ ಥರದ್ದು. ರಾಜದೂತ್ 350ಕ್ಕೂ ಡ್ರಮ್ಮೇ. ಹೋಂಡಾ ಕಂಪನಿ 1969ರಲ್ಲೇ ಸಿಬಿ750ಗೆ ಹೈಡ್ರಾಲಿಕ್ (ಆಯಿಲ್ ಒತ್ತಡದಿಂದ ಹಿಡಿಯುವ) ಡಿಸ್ಕ್ ಹಾಕಿ ಮಾರಿತು, ಆದರೆ ನಮ್ಮ ಊರಿನ ಗ್ಯಾರೇಜುಗಳಿಗೆ ಡಿಸ್ಕ್ ಬ್ರೇಕ್ ಕೆಲಸ ಬಂದದ್ದು ಮುಖ್ಯವಾಗಿ 1999ರ ಸಿಬಿಝೆಡ್, ಆಮೇಲೆ ಪಲ್ಸರ್ ಬಂದ ಮೇಲೆ. ಕೇಬಲ್ ಟೈಟ್ ಮಾಡಿ ಬ್ರೇಕ್ ಸರಿ ಮಾಡುತ್ತಿದ್ದ ಕೈಗಳು ಇದನ್ನೂ ಹಾಗೇ ನೋಡಿದವು: ಆಯಿಲ್ ಹಾಕು, ಏರ್ (ಒಳಗೆ ಸಿಕ್ಕಿದ ಗಾಳಿ) ತೆಗಿ, ಕಳಿಸು.

ಬ್ರೇಕ್ ಆಯಿಲ್ ಅಂತ ಕರೆದರೂ ಅದು ಎಣ್ಣೆಯಲ್ಲ. ಡಾಟ್ 3, ಡಾಟ್ 4 ಅಂತ ಅದರಲ್ಲಿ ದರ್ಜೆಗಳಿವೆ, ಎರಡೂ ಗ್ಲೈಕಾಲ್ ಜಾತಿಯ ದ್ರವ. ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟ ಉಪ್ಪಿನ ಜಾಡಿ ನೋಡಿದ್ದೀರಲ್ವಾ, ಅದೇ ಬುದ್ಧಿ ಇದಕ್ಕೆ. ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತೆ. ಹ್ಯಾಂಡಲ್‌ನಿಂದ ಚಕ್ರದ ಹತ್ತಿರಕ್ಕೆ ಆಯಿಲ್ ಒಯ್ಯುವ ರಬ್ಬರ್ ಹೋಸಿನ ಗೋಡೆಯ ಮೂಲಕವೂ ನಿಧಾನಕ್ಕೆ ನೀರಿನ ಅಂಶ ಒಳಗೆ ಬರುತ್ತೆ. ಹೊಸ ಡಾಟ್ 4 ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತೆ. ಆದರೆ ನಿಂತ ಬೈಕಿಗೆ ಕುದಿಯುವುದಕ್ಕಿಂತ ದೊಡ್ಡ ಶತ್ರು ತುಕ್ಕು. ಬ್ರೇಕಿನ ಅಲ್ಯೂಮಿನಿಯಂ ಭಾಗಗಳಿಗೆ ಕೆಂಪು ತುಕ್ಕು ಹಿಡಿಯಲ್ಲ, ಸುಣ್ಣದಂಥ ಬಿಳಿ ಪುಡಿ ಕಟ್ಟುತ್ತೆ. ಆ ಪುಡಿಯೇ ನಿಮ್ಮ ಚಕ್ರವನ್ನು ಹಿಡಿದಿರುವ ಸಾಧ್ಯತೆ ಹೆಚ್ಚು.

ಎಲ್ಲವನ್ನೂ ಬಿಚ್ಚುವ ಮೊದಲು ರೋಗ ಎಲ್ಲಿದೆ ಅಂತ ಕಂಡುಹಿಡಿಯಿರಿ. ಇದಕ್ಕೆ ಒಂದು ಪಾನಾ, ಒಂದು ಸಣ್ಣ ಟ್ಯೂಬು ಸಾಕು. ಚಕ್ರ ಹಿಡಿದುಕೊಂಡಿರುವಾಗಲೇ ಕ್ಯಾಲಿಪರ್ (ಪ್ಯಾಡುಗಳಿಂದ ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಮೇಲಿನ ಏರ್ ತೆಗೆಯುವ ನಿಪ್ಪಲ್ಲಿಗೆ ಟ್ಯೂಬ್ ಸಿಕ್ಕಿಸಿ, ಕಾಲು ಸುತ್ತು ಸಡಿಲ ಮಾಡಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟರೆ, ಒತ್ತಡ ಮೇಲಕ್ಕೆ ವಾಪಸ್ ಹೋಗಲಾರದೆ ಸಿಕ್ಕಿಕೊಂಡಿತ್ತು ಅಂತ ಅರ್ಥ. ಆಯಿಲ್ ಬಂದರೂ ಬರದಿದ್ದರೂ ಚಕ್ರ ಬಿಡದಿದ್ದರೆ ಕ್ಯಾಲಿಪರ್ರೇ ಜಾಮ್. ಮೊದಲನೆಯದಾದರೆ ನಿಪ್ಪಲ್ ಮುಚ್ಚಿ, ಮತ್ತೆ ಬ್ರೇಕ್ ಹಿಡಿಸಿ, ಈ ಸಲ ಮೇಲೆ ಹ್ಯಾಂಡಲ್ ಹತ್ತಿರ ಹೋಸ್ ಕೂರುವ ಬೋಲ್ಟನ್ನು ಬಟ್ಟೆ ಸುತ್ತಿ ಸಡಿಲಿಸಿ. ಚಕ್ರ ಬಿಟ್ಟರೆ ತಪ್ಪು ಮಾಸ್ಟರ್ ಸಿಲಿಂಡರಿನದು, ಅಂದರೆ ಲಿವರ್ ಹತ್ತಿರ ಆಯಿಲನ್ನು ಕೆಳಗೆ ತಳ್ಳುವ ಪಂಪಿನದು. ಬಿಡದಿದ್ದರೆ ಹೋಸ್ ಒಳಗೆ ಊದಿದೆ. ಊದಿದ ಹೋಸಿನಲ್ಲಿ ನಿಮ್ಮ ಕೈಯ ಬಲಕ್ಕೆ ಆಯಿಲ್ ಕೆಳಗೆ ಹೋಗುತ್ತೆ, ತಾನಾಗೇ ಮೇಲೆ ಬರಲು ಅದಕ್ಕೆ ಶಕ್ತಿ ಇರಲ್ಲ. ಈ ಪರೀಕ್ಷೆ ಮಾಡಿದ ಮೇಲೆ ಒಳಗೆ ಗಾಳಿ ಸೇರಿರುತ್ತೆ, ಆ ಬ್ರೇಕ್ ನಂಬಿ ರಸ್ತೆಗೆ ಇಳಿಯಬೇಡಿ.

ಮಾಸ್ಟರ್ ಸಿಲಿಂಡರ್ ಅನುಮಾನ ಬಂದರೆ ಲಿವರಿನಿಂದಲೇ ಶುರು ಮಾಡಿ. ಲಿವರಿನ ತುದಿಯಲ್ಲಿ ಸ್ವಲ್ಪ ಆಟ ಇರಲೇಬೇಕು. ಪಿನ್ನಿನಲ್ಲಿ ಹಳೆ ಗ್ರೀಸ್ ಅಂಟಾಗಿ ಲಿವರ್ ಪೂರ್ತಿ ಹಿಂದಕ್ಕೆ ಬರದಿದ್ದರೂ ಇದೇ ತೊಂದರೆ ಆಗುತ್ತೆ. ಆಮೇಲೆ ಹ್ಯಾಂಡಲ್ ಮೇಲಿರುವ ಆಯಿಲ್ ಡಬ್ಬಿಯ ತಳ ನೋಡಿ. ಎರಡು ತೂತು ಇರುತ್ತೆ. ಒಂದು ಕಣ್ಣಿಗೆ ಕಾಣುತ್ತೆ. ಇನ್ನೊಂದು ಸೂಜಿಮೊನೆಯಷ್ಟು, ಎಷ್ಟೋ ಜನಕ್ಕೆ ಅದಿದೆ ಅಂತಲೇ ಗೊತ್ತಿರಲ್ಲ. ಕೆಲವು ಬೈಕಿನಲ್ಲಿ ಅದರ ಮೇಲೊಂದು ತಗಡಿನ ಚೂರೂ ಇರುತ್ತೆ. ಲಿವರ್ ಬಿಟ್ಟಾಗ ಉಳಿದ ಒತ್ತಡ ಡಬ್ಬಿಗೆ ವಾಪಸ್ ಬರುವುದು ಈ ಸಣ್ಣ ತೂತಿನಿಂದಲೇ. ಅದು ಕಟ್ಟಿದರೆ ಆಯಿಲ್‌ಗೆ ದಾರಿಯಿಲ್ಲ. ಪ್ಯಾಡ್ ಉಜ್ಜಿ ಬಿಸಿಯಾಗುತ್ತೆ, ಬಿಸಿಗೆ ಆಯಿಲ್ ಹಿಗ್ಗುತ್ತೆ, ಹಿಗ್ಗಿ ಪ್ಯಾಡನ್ನು ಇನ್ನೂ ಬಿಗಿ ಮಾಡುತ್ತೆ. ಮನೆಯಿಂದ ಹೊರಟಾಗ ಸರಿ ಇದ್ದು ಎರಡು ಕಿಲೋಮೀಟರ್ ಆದ ಮೇಲೆ ಹಿಡಿಯುವ ಬೈಕುಗಳ ಗುಟ್ಟು ಇದು. ಕರೆಂಟ್ ವೈರಿನೊಳಗಿನ ತಾಮ್ರದ ಒಂದೇ ಎಳೆ ತೆಗೆದುಕೊಂಡು ಮೆಲ್ಲಗೆ ತೂರಿಸಿ. ಸ್ಟೀಲ್ ತಂತಿ ಬೇಡ, ತೂತಿನ ಅಂಚು ಒರಟಾದರೆ ಅದರ ಮೇಲೆ ಓಡಾಡುವ ರಬ್ಬರ್ ಹರಿಯುತ್ತೆ. ತೂತು ಬಿಟ್ಟುಕೊಂಡಿದೆಯಾ ಅಂತ ನೋಡಲು ಡಬ್ಬಿ ತುಂಬಿ, ಮುಚ್ಚಳ ತೆಗೆದಿಟ್ಟು ಲಿವರನ್ನು ಹಗುರಾಗಿ ಒತ್ತಿ. ಆಯಿಲ್ ಮೇಲೆ ಪುಟ್ಟ ಕಾರಂಜಿ ಎದ್ದರೆ ಗೆದ್ದಿರಿ. ಟ್ಯಾಂಕ್ ಮೇಲೆ ಮೊದಲೇ ಹಳೆ ಟವೆಲ್ ಹಾಸಿರಿ. ಈ ಆಯಿಲ್ ಪೇಂಟ್ ತಿನ್ನುತ್ತೆ. ಬಿದ್ದರೆ ಒರೆಸುತ್ತಾ ಕೂರಬೇಡಿ, ತಕ್ಷಣ ನೀರು ಸುರಿಯಿರಿ.

ಸಿಲಿಂಡರಿನ ಒಳಗೋಡೆಯಲ್ಲಿ ಉಗುರಿಗೆ ತಾಗುವಂಥ ಗುಂಡಿ ಬಿದ್ದಿದ್ದರೆ ರಬ್ಬರ್ ಕಿಟ್ (ಒಳಗಿನ ರಬ್ಬರುಗಳ ಹೊಸ ಸೆಟ್) ಹಾಕುವುದು ದಂಡ. ಇಡೀ ಮಾಸ್ಟರ್ ಸಿಲಿಂಡರ್ ಬದಲಿಸಿ.

ಇನ್ನು ಕ್ಯಾಲಿಪರ್. ಹೋಸ್ ಬಿಚ್ಚುವ ಮೊದಲೇ ಪಿಸ್ಟನ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಗುಂಡನೆ ತುಂಡು) ಹೊರಗೆ ತನ್ನಿ, ಇದನ್ನು ಮರೆಯಬೇಡಿ. ಪ್ಯಾಡ್ ತೆಗೆದು, ಕೆಳಗೆ ಒಂದು ಬೋಗುಣಿ ಇಟ್ಟು, ಲಿವರ್ ಒತ್ತುತ್ತಾ ಹೋದರೆ ಜಾಮ್ ಆದ ಪಿಸ್ಟನ್ ಕೂಡ ಸಾಮಾನ್ಯವಾಗಿ ಈಚೆ ಬರುತ್ತೆ. ಡಬ್ಬಿಯಲ್ಲಿ ಆಯಿಲ್ ಖಾಲಿಯಾಗದಂತೆ ಹಾಕುತ್ತಿರಿ. ಕಂಪ್ರೆಸರ್ ಗಾಳಿ ಹೊಡೆದು ತೆಗೆಯುವವರೂ ಇದ್ದಾರೆ. ಪಿಸ್ಟನ್ ಗುಂಡಿನ ಹಾಗೆ ಹಾರುತ್ತೆ, ಬೆರಳು ಅಡ್ಡ ಇದ್ದರೆ ಮುಗೀತು.

ಪಿಸ್ಟನ್ ಸುತ್ತ ಎರಡು ರಬ್ಬರ್ ಬಳೆಗಳಿವೆ. ಹೊರಗಿನದು ಧೂಳು ತಡೆಯಲು. ಒಳಗಿನದು ಚೌಕ ಅಂಚಿನದು, ನಿಜವಾದ ಕೆಲಸ ಅದರದ್ದು. ಬ್ರೇಕ್ ಒತ್ತಿದಾಗ ಪಿಸ್ಟನ್ ಮುಂದೆ ಹೋಗುತ್ತೆ, ಆ ಬಳೆಯ ಅಂಚು ಅದರ ಜೊತೆ ಬಾಗುತ್ತೆ. ಒತ್ತಡ ಹೋದಾಗ ಬಳೆ ನೆಟ್ಟಗಾಗಿ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತೆ. ಪ್ಯಾಡನ್ನು ಡಿಸ್ಕಿನಿಂದ ಬಿಡಿಸಲು ಅಲ್ಲಿ ಸ್ಪ್ರಿಂಗ್ ಇಲ್ಲ. ಎಲ್ಲ ಭಾರ ಈ ಒಂದು ಬಳೆಯ ಮೇಲೆ. ಆ ಬಳೆ ಕೂರುವ ಕಾಲುವೆಯ ತಳದಲ್ಲಿ ಬಿಳಿ ಪುಡಿ ಕಟ್ಟಿದರೆ ಅದು ಬಳೆಯನ್ನು ಪಿಸ್ಟನ್ ಕಡೆಗೆ ನೂಕುತ್ತೆ. ಆಗ ಹಿಡಿತ ಬಿಗಿಯಾಗಿ ಬಳೆಗೆ ಬಾಗಲೂ ಜಾಗ ಇರಲ್ಲ, ವಾಪಸ್ ಎಳೆಯಲೂ ಆಗಲ್ಲ. ಹೊಸ ಕಿಟ್ ಹಾಕಿದರೂ ಜಾಮ್ ಆಯ್ತು ಅನ್ನುವವರನ್ನು ಕೇಳಿ ನೋಡಿ, ಹೆಚ್ಚಿನವರು ಈ ಕಾಲುವೆ ಕೆರೆದಿರುವುದಿಲ್ಲ. ಮೊನೆ ಬಾಗಿಸಿದ ಹಿತ್ತಾಳೆ ಕಡ್ಡಿಯಿಂದ ಸುತ್ತಲೂ ಕೆರೆಯಿರಿ, ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ. ಹಲ್ಲಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ, ಬಂತು ಅನ್ನಿಸಿದ ಮೇಲೂ ಇನ್ನೊಂದಿಷ್ಟು ಇರುತ್ತೆ. ಪಿಸ್ಟನ್ನಿನ ಹೊಳಪು ಎದ್ದು ಗುಂಡಿ ಬಿದ್ದಿದ್ದರೆ ಅದನ್ನು ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಹಾಕಬೇಡಿ, ಹೊಸದು ತನ್ನಿ. ಕ್ಯಾಲಿಪರ್ ಆಚೀಚೆ ಜಾರುವ ಪಿನ್ನುಗಳೂ ಒಣಗಿರುತ್ತವೆ. ಅವನ್ನು ಒರೆಸಿ, ರಬ್ಬರಿಗೆ ಆಗುವ ಸಿಲಿಕೋನ್ ಗ್ರೀಸ್ ಹಚ್ಚಿ.

ತೊಳೆಯಲು ಬ್ರೇಕ್ ಆಯಿಲ್ ಅಥವಾ ಬ್ರೇಕ್ ಕ್ಲೀನರ್ ಮಾತ್ರ. ನಾನು ಮೊದಲ ಸಲ ಜಾಣತನ ಮಾಡಿ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ಅದ್ದಿದ್ದೆ. ಫಳಫಳ ಅಂತಿತ್ತು. ಮಾರನೇ ದಿನ ರಬ್ಬರುಗಳೆಲ್ಲ ನೀರಲ್ಲಿ ನೆನೆದ ಕಡಲೆಯ ಹಾಗೆ ಊದಿದ್ದವು, ಕಾಲುವೆಗೆ ಕೂರಲೇ ಇಲ್ಲ. ಪೆಟ್ರೋಲ್, ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಇವೂ ಅಷ್ಟೇ.

ಹೋಸ್, ಅದರ ಬೋಲ್ಟಿನ ತಾಮ್ರದ ವಾಷರ್, ಆಯಿಲ್ ಕುಡಿದ ಪ್ಯಾಡ್, ಇಷ್ಟನ್ನೂ ಯೋಚಿಸದೆ ಹೊಸದು ಹಾಕಿ. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ಹಳೆಯದನ್ನು ಕೈಯಲ್ಲಿ ಹಿಡಿದು ಹೋಲಿಸಿ ತರಬಹುದು. ಅಂಗಡಿಯಿಂದ ತರುವ ಆಯಿಲ್ ಬಾಟಲಿ ಸೀಲ್ ಒಡೆಯದ್ದೇ ಆಗಲಿ. ಬೈಕಿನ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ ನಂಬರ್ ನೋಡಿ ಹಾಕಿ. ಡಾಟ್ 5 ಮಾತ್ರ ಬೇಡವೇ ಬೇಡ, ಅದು ಸಿಲಿಕೋನ್, ಇದರ ಜೊತೆ ಬೆರೆಯಲ್ಲ.

ಪೂರ್ತಿ ಖಾಲಿಯಾದ ಬ್ರೇಕಿಗೆ ಮೇಲಿಂದ ಆಯಿಲ್ ಹಾಕಿ ಲಿವರ್ ಒತ್ತುತ್ತಾ ಕೂತರೆ ಕೈ ಸೋಲುತ್ತೆ. ಗುಳ್ಳೆ ಮೇಲೇಳುವ ಜಾತಿ, ನೀವು ಕೆಳಗೆ ತಳ್ಳುತ್ತಿದ್ದೀರಿ. ಮೆಡಿಕಲ್ ಶಾಪಿನ ದೊಡ್ಡ ಸಿರಿಂಜಿನಲ್ಲಿ ಕೆಳಗಿನ ನಿಪ್ಪಲ್ಲಿಂದ ನಿಧಾನಕ್ಕೆ ಮೇಲಕ್ಕೆ ತುಂಬಿ. ಆಮೇಲೂ ಲಿವರ್ ಮೆತ್ತಗಿದ್ದರೆ ಹಳೆ ಟ್ಯೂಬಿನ ಪಟ್ಟಿಯಿಂದ ಅದನ್ನು ಹ್ಯಾಂಡಲ್‌ಗೆ ಕಟ್ಟಿ ರಾತ್ರಿ ಬಿಡಿ. ಬೆಳಿಗ್ಗೆ ಬಿಚ್ಚಿದಾಗ ಡಬ್ಬಿಯಲ್ಲಿ ಒಂದೆರಡು ಗುಳ್ಳೆ ಏಳುವುದು ಕಾಣುತ್ತೆ.

ಕೊನೆಗೆ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗಿ ಮುಂದಿನ ಬ್ರೇಕ್ ನಿಲ್ಲಿಸುತ್ತಾ ಅಂತ ಕೆಲವು ಸಲ ನೋಡಿಕೊಳ್ಳಿ. ಡಿಸ್ಕ್ ತಣ್ಣಗಾದ ಮೇಲೆ ಹಿಂದಿನ ಬ್ರೇಕ್ ಒಂದನ್ನೇ ಬಳಸಿ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿ. ದೋಸೆ ಹಂಚಿಗೆ ಚಿಮುಕಿಸುವ ಹಾಗೆ ಡಿಸ್ಕಿಗೆ ನಾಲ್ಕು ಹನಿ ನೀರು ಹಾಕಿ. ಸುಮ್ನೆ ಇಳಿದು ಹೋದರೆ ಸರಿ. ಚುಂಯ್ ಅಂದರೆ ಪ್ಯಾಡ್ ಇನ್ನೂ ಉಜ್ಜುತ್ತಿದೆ, ಪಾನಾ ತೆಗೆದುಕೊಂಡು ಮತ್ತೆ ನಿಪ್ಪಲ್ಲಿಂದ ಶುರು ಮಾಡಿ.