ಹಸಿ ಬೆಳ್ಳುಳ್ಳಿಯ ಘಾಟು ಪಳಗುವುದು ನಿಂಬೆರಸದಲ್ಲಿ

ಸೌತೆಕಾಯಿ, ಚಿಪ್ಸ್ ಅದ್ದಿ ತಿನ್ನುವ ಕೆನೆಯಂಥ ಬೆಳ್ಳುಳ್ಳಿ ಡಿಪ್ ಬಗ್ಗೆ ನನ್ನ ಅಡುಗೆ ತರಗತಿಗೆ ಬರುವವರ ದೂರುಗಳು ಹೆಚ್ಚೂಕಡಿಮೆ ಎರಡೇ. ಒಂದು, ಹಸಿ ಬೆಳ್ಳುಳ್ಳಿ ನಾಲಿಗೆ ಸುಡುತ್ತದೆ. ಇನ್ನೊಂದು, ಫ್ರಿಜ್‌ನಿಂದ ತೆಗೆಯುವ ಹೊತ್ತಿಗೆ ಬಟ್ಟಲಿನಲ್ಲಿ ನೀರು ನಿಂತಿರುತ್ತದೆ. ಎರಡಕ್ಕೂ ಹೊಸ ಸಾಮಗ್ರಿ ಬೇಕಿಲ್ಲ, ಕೆಲಸದ ಕ್ರಮ ಬದಲಾದರೆ ಸಾಕು.

ಇಡೀ ಎಸಳಿಗೆ ಘಾಟಿಲ್ಲ. ಅದರೊಳಗೆ ಅಲ್ಲಿಯಿನ್ ಎಂಬ ಗಂಧಕದ ಸಂಯುಕ್ತವೂ ಅಲ್ಲಿನೇಸ್ ಎಂಬ ಕಿಣ್ವವೂ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಚಾಕು ತಾಗಿದೊಡನೆ ಕೋಶಗಳು ಒಡೆದು ಎರಡೂ ಬೆರೆಯುತ್ತವೆ, ಅಲ್ಲಿಸಿನ್ ಹುಟ್ಟುತ್ತದೆ. ಮೂಗಿಗೆ ಅಡರುವ ಖಾರ ಅದರದೇ. ಎಷ್ಟು ನುಣ್ಣಗೆ ಅರೆಯುತ್ತೀರೋ ಅಷ್ಟು ಖಾರ. ಆದರೆ ಈ ಕಿಣ್ವಕ್ಕೆ ಹುಳಿ ಆಗಿಬರುವುದಿಲ್ಲ. ಆದ್ದರಿಂದ ಎರಡು ಚಮಚ ನಿಂಬೆರಸ, ಕಾಲು ಚಮಚ ಉಪ್ಪು ಇರುವ ಬಟ್ಟಲಿನ ಮೇಲೆಯೇ ತುರಿಮಣೆ ಹಿಡಿದು ಒಂದು ದಪ್ಪ ಎಸಳನ್ನು ನೇರವಾಗಿ ರಸಕ್ಕೆ ತುರಿಯಿರಿ. ಹತ್ತು ನಿಮಿಷ ಬಿಡಿ. ಮೊದಲು ಜಜ್ಜಿಟ್ಟು ಆಮೇಲೆ ರಸ ಹಿಂಡಿದರೆ ಪ್ರಯೋಜನ ಕಡಿಮೆ, ಅಷ್ಟರಲ್ಲಿ ಖಾರ ಹುಟ್ಟಿಯಾಗಿರುತ್ತದೆ. ಒಮ್ಮೊಮ್ಮೆ ತುರಿ ಹಸಿರು ಅಥವಾ ನೀಲಿಗೆ ತಿರುಗುವುದುಂಟು. ಹುಳಿಗೂ ಗಂಧಕಕ್ಕೂ ನಡೆಯುವ ಕ್ರಿಯೆ ಅದು, ಕೆಟ್ಟದ್ದಲ್ಲ, ಚೆಲ್ಲಬೇಡಿ.

ಇನ್ನು ನೀರು. ಅರ್ಧ ಕಿಲೋ ಗಟ್ಟಿ ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಫ್ರಿಜ್‌ನಲ್ಲಿಯೇ ಮೂರು ನಾಲ್ಕು ಗಂಟೆ ಸೋರಲು ಬಿಡಿ. ತೂಕ ಅರ್ಧದ ಹತ್ತಿರಕ್ಕೆ ಇಳಿಯಬೇಕು. ಇದಕ್ಕೆ ಮೂರು ದೊಡ್ಡ ಚಮಚ ಮೇಯನೇಸ್ ಬೆರೆಸಿದರೆ ಮೊಸರಿನ ಹುಳಿ ಮೃದುವಾಗುತ್ತದೆ, ಸೊಪ್ಪಿನ ಪರಿಮಳವನ್ನು ಹೀರಿಕೊಳ್ಳಲು ಕೊಬ್ಬೂ ಸಿಗುತ್ತದೆ. ಬೆರೆಸುವುದು ಚಮಚದಿಂದ ಮಾತ್ರ. ದಯವಿಟ್ಟು ಮಿಕ್ಸಿಗೆ ಹಾಕಬೇಡಿ! ಗಂಟೆಗಟ್ಟಲೆ ಕಾದು ಪಡೆದ ಗಟ್ಟಿತನ ಅಲ್ಲಿ ಅರೆಗಳಿಗೆಯಲ್ಲಿ ಹಾಳಾಗುತ್ತದೆ.

ಸೊಪ್ಪು ತೊಳೆದ ಮೇಲೆ ಬಟ್ಟೆಯ ಮೇಲೆ ಹರಡಿ, ಎಲೆಯನ್ನು ಬೆರಳಲ್ಲಿ ಉಜ್ಜಿದರೆ ತೇವ ತಾಗದಷ್ಟು ಒಣಗಿಸಿ. ಹೆಚ್ಚಿನವರು ಅವಸರಪಡುವುದು ಇಲ್ಲಿಯೇ. ಪಾರ್ಸ್ಲಿ, ಸಬ್ಬಸಿಗೆ, ಈರುಳ್ಳಿ ಜಾತಿಯ ತೆಳು ಸೊಪ್ಪಾದ ಚೈವ್ಸ್ ಒಳ್ಳೆಯ ಕೂಟ. ಪುದೀನ ಹಾಕುವುದಾದರೆ ಕೈ ಹಿಡಿದು ಹಾಕಿ, ಅದು ಉಳಿದೆಲ್ಲವನ್ನೂ ನುಂಗುತ್ತದೆ. ಹರಿತವಾದ ಚಾಕುವಿನಿಂದ ಒಮ್ಮೆ ಕತ್ತರಿಸಿದರೆ ಸಾಕು, ಮತ್ತೆ ಮತ್ತೆ ಕೊಚ್ಚಿದರೆ ಎಲೆ ಜಜ್ಜಿಹೋಗಿ ಕಪ್ಪಾಗುತ್ತದೆ, ಹಲಗೆಯ ಮೇಲೆ ಹಸಿರು ನೀರು ಬಿಡುತ್ತದೆ. ಆ ಹಸಿರು ನಿಮ್ಮ ಡಿಪ್‌ಗೆ ಸೇರಬೇಕಾಗಿದ್ದ ಪರಿಮಳ. ಕತ್ತರಿಸಿದ ಸೊಪ್ಪು ನಾಲ್ಕು ದೊಡ್ಡ ಚಮಚ ಇರಲಿ. ಒಣ ಸೊಪ್ಪಾದರೆ ಮೂರನೇ ಒಂದು ಪಾಲು ಸಾಕು, ಆದರೆ ಅದನ್ನು ಬೆಳ್ಳುಳ್ಳಿಯ ಜೊತೆಗೇ ನಿಂಬೆರಸದಲ್ಲಿ ನೆನೆಸಿ.

ಎಲ್ಲವನ್ನೂ ಕೂಡಿಸಿ ಮುಚ್ಚಿ, ಒಂದು ಗಂಟೆ ತಣ್ಣಗಿಡಿ. ಉಪ್ಪಿನ ಕೊನೆಯ ತೀರ್ಮಾನ ಆಮೇಲೆಯೇ ಆಗಲಿ, ಏಕೆಂದರೆ ತಣ್ಣಗಿನ ಪದಾರ್ಥ ಸಪ್ಪೆ ಎನಿಸುತ್ತದೆ. ಬರಿ ಚಮಚದಲ್ಲಿ ನೆಕ್ಕಿ ನೋಡುವುದಕ್ಕಿಂತ, ಯಾವುದರ ಜೊತೆ ಬಡಿಸುತ್ತೀರೋ ಅದನ್ನೇ ಅದ್ದಿ ನೋಡಿ. ಸೌತೆಕಾಯಿಗೆ ಬೇಕಾದ ಉಪ್ಪು ಉಪ್ಪಿರುವ ಚಿಪ್ಸ್‌ಗೆ ಬೇಡ.

ಡಿಪ್ ಅನ್ನು ಮೂರು ದಿನದೊಳಗೆ ಮುಗಿಸಿ. ಮೇಜಿನ ಮೇಲೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇದ್ದದ್ದನ್ನು ಮತ್ತೆ ಡಬ್ಬಿಗೆ ಸೇರಿಸಬೇಡಿ. ಮುಂದಿನ ಸಲಕ್ಕೆಂದು ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಅಡುಗೆಮನೆಯ ಕಪಾಟಿನಲ್ಲಿಡುವ ಅಭ್ಯಾಸವಿದ್ದರೆ ಇಂದೇ ಬಿಟ್ಟುಬಿಡಿ. ಗಾಳಿಯಿಲ್ಲದ, ಹುಳಿಯಿಲ್ಲದ ಆ ಎಣ್ಣೆಯಲ್ಲಿ ಬೊಟುಲಿಸಂ ಎಂಬ ಪ್ರಾಣಾಪಾಯದ ಆಹಾರವಿಷ ಕಾಯಿಲೆ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದರ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಡಿಪ್‌ಗೆ ಬೇಕಾಗುವುದು ಒಂದೇ ಎಸಳು, ಅದನ್ನು ಆಗಲೇ ಸುಲಿದುಕೊಳ್ಳಿ.