ಬಾಟಲಿಯಲ್ಲಿ ತರಿಸದ ಆಮ್ಲ

ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ನಮ್ಮ ಯಾವ ಕಪಾಟಿನಲ್ಲೂ ಇಲ್ಲದ ಒಂದು ಆಮ್ಲದ ವಿಷಯ. ಹೈಡ್ರಜೋಯಿಕ್ ಆಮ್ಲವನ್ನು ನಾವು ತರಿಸುವುದಿಲ್ಲ. ಕೈ ತಪ್ಪಿದಾಗ ಅದು ತಾನಾಗಿ ಹುಟ್ಟಿಕೊಳ್ಳುತ್ತದೆ.

ಮೂರು ಸಾರಜನಕ ಪರಮಾಣುಗಳ ಸಾಲು, ಅದರ ತುದಿಗೊಂದು ಜಲಜನಕ. ತೂಕದಲ್ಲಿ ಶೇ 97ಕ್ಕೂ ಹೆಚ್ಚು ಸಾರಜನಕವೇ. ಹೆಸರು ಬಂದದ್ದೂ ಅಲ್ಲಿಂದ: ಫ್ರೆಂಚರು ಸಾರಜನಕವನ್ನು ‘ಅಜೋಟ್’ ಎಂದರು, ಅಂದರೆ ಜೀವವಿಲ್ಲದ್ದು. ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲಿಗೂ ಮಿಕ್ಕಿರುವ ಸಾಧು ಅನಿಲಕ್ಕೆ ಆ ಹೆಸರು ಅನ್ಯಾಯವೇ ಸರಿ, ಈ ಆಮ್ಲಕ್ಕೆ ಮಾತ್ರ ಒಪ್ಪುತ್ತದೆ. 1890ರಲ್ಲಿ ಜರ್ಮನಿಯ ಥಿಯೋಡೋರ್ ಕರ್ಟಿಯಸ್ ಇದನ್ನು ಕಂಡುಹಿಡಿದರು. ಸಾರಜನಕಕ್ಕೆ ಜೋಡಿಯಾಗಿರುವುದೇ ಸುಖ. ಮೂರನ್ನು ಒಂದೇ ಸಾಲಿನಲ್ಲಿ ಹಿಡಿದಿಟ್ಟರೆ ಬಿಡಿಸಿಕೊಳ್ಳಲು ಕಾಯುತ್ತಿರುತ್ತವೆ. ಹಾಗಾಗಿ ನೀರು ಬೆರೆಯದ ಶುದ್ಧ ಆಮ್ಲ ಸಣ್ಣ ಪೆಟ್ಟಿಗೂ ಸಿಡಿಯುತ್ತದೆ.

“ಇದು ದುರ್ಬಲ ಆಮ್ಲ ಅಲ್ವಾ ಸರ್, ಹೆಚ್ಚುಕಡಿಮೆ ವಿನೆಗರ್‌ನಷ್ಟೇ?” ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಪುಸ್ತಕದ ಮಟ್ಟಿಗೆ ಹೌದು. ಆದರೆ ‘ದುರ್ಬಲ’ ಎಂಬ ಮಾತು ಜಲಜನಕವನ್ನು ಬಿಟ್ಟುಕೊಡುವ ಗುಣಕ್ಕೆ ಸಂಬಂಧಿಸಿದ್ದು, ವಿಷಕ್ಕಲ್ಲ. ಇಲ್ಲಿ ಅಪಾಯ ಇರುವುದೇ ಆ ದುರ್ಬಲತೆಯಲ್ಲಿ. ಪ್ರಬಲ ಆಮ್ಲವಾಗಿದ್ದರೆ ಅಯಾನುಗಳಾಗಿ ಒಡೆದು ನೀರಿನಲ್ಲೇ ಉಳಿಯುತ್ತಿತ್ತು. ಇದು ಜಲಜನಕವನ್ನು ಬಿಗಿಯಾಗಿ ಹಿಡಿದುಕೊಂಡು ಇಡೀ ಅಣುವಾಗಿಯೇ ಗಾಳಿಗೇರುತ್ತದೆ. ಕುದಿಬಿಂದು ಸುಮಾರು 37 ಡಿಗ್ರಿ ಸೆಲ್ಸಿಯಸ್, ನಮ್ಮ ಮೈಬಿಸಿಯಷ್ಟೇ.

ಇದರ ತಾಯಿಬೇರು ಸೋಡಿಯಂ ಅಜೈಡ್ ಎಂಬ ಬಿಳಿ ಪುಡಿ. ಪ್ರತಿಕಾಯ ದ್ರಾವಣಗಳು ಕೆಡದಿರಲೆಂದು ಅದನ್ನು ಚಿಟಿಕೆಯಷ್ಟು ಬೆರೆಸಿರುತ್ತಾರೆ. ಹಿಂದೆ ಕಾರಿನ ಏರ್‌ಬ್ಯಾಗ್ ಉಬ್ಬಿಸಲೂ ಅದನ್ನೇ ಬಳಸುತ್ತಿದ್ದರು. ಆ ಪುಡಿಗೆ ಆಮ್ಲ ತಾಗಿದರೆ ಸಾಕು, ಈ ಆವಿ ಏಳುತ್ತದೆ. ಸಿಂಕಿಗೆ ಸುರಿದರೆ ಇನ್ನೊಂದು ಗಂಡಾಂತರ: ತಾಮ್ರ, ಸೀಸದ ಕೊಳವೆಗಳೊಳಗೆ ಸ್ಫೋಟಕ ಅಜೈಡ್‌ಗಳು ಕಟ್ಟಿಕೊಳ್ಳುತ್ತವೆ. ಎಷ್ಟೋ ದಿನಗಳ ಮೇಲೆ ಕೊಳವೆ ಬಿಚ್ಚಲು ಬಂದ ಪ್ಲಂಬರ್‌ನ ಸ್ಪ್ಯಾನರ್ ತಾಗಿದಾಗ ಅದು ಸಿಡಿಯಬಹುದು. ಏನೂ ಅರಿಯದ ಆ ಮನುಷ್ಯನ ನೆನಪೇ ನನ್ನನ್ನು ಹೆಚ್ಚು ಕಾಡುವುದು. ಆದ್ದರಿಂದ ಅಜೈಡ್ ತ್ಯಾಜ್ಯಕ್ಕೆ ಪ್ರತ್ಯೇಕ ಡಬ್ಬಿ, ಮೇಲೆ ದೊಡ್ಡ ಅಕ್ಷರದ ಚೀಟಿ. ಪುಡಿ ತೆಗೆಯಲು ಪ್ಲಾಸ್ಟಿಕ್ ಚಮಚ, ಲೋಹದ್ದು ಬೇಡವೇ ಬೇಡ.

ಆವಿ ಒಳಹೊಕ್ಕರೆ ತಲೆ ಸಿಡಿಯುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಸಯನೈಡ್‌ನಂತೆ ಇದೂ ಜೀವಕೋಶಗಳು ಆಮ್ಲಜನಕ ಬಳಸದಂತೆ ತಡೆಯುತ್ತದೆ. ಇದಕ್ಕೆಂದೇ ಪ್ರತ್ಯೇಕ ಪ್ರತಿವಿಷವಿಲ್ಲ. ಘಾಟು ಬಡಿದರೆ ಎಲ್ಲಿಂದ ಎಂದು ಹುಡುಕುತ್ತಾ ನಿಲ್ಲಬೇಡಿ, ಜೊತೆಗಿದ್ದವರನ್ನೂ ಕರೆದುಕೊಂಡು ಹೊರಗೆ ನಡೆಯಿರಿ. ವೈದ್ಯರಿಗೆ ‘ಅಜೈಡ್’ ಎಂದು ಬಿಡಿಸಿ ಹೇಳಿ.