ಗಾಜಿನ ಹೆಂಚು ಹಳದಿಯಾಗದು, ಹೆಡ್‌ಲೈಟ್ ಏಕಾಗುತ್ತದೆ?

ಮಲೆನಾಡಿನ ಹಳೆಯ ಮನೆಗಳಲ್ಲಿ ಅಡುಗೆಕೋಣೆಗೆ ಬೆಳಕು ಬೀಳಲೆಂದು ಮಾಡಿನ ನಡುವೆ ಒಂದೆರಡು ಗಾಜಿನ ಹೆಂಚು ಹೊದಿಸಿರುವುದುಂಟು. ಹೊಗೆ ಹಿಡಿದು, ಪಾಚಿ ಕಟ್ಟಿ ಮಂಕಾದ ಆ ಹೆಂಚನ್ನು ಬೇಸಿಗೆಯಲ್ಲಿ ಇಳಿಸಿ ತೊಳೆದರೆ ಮತ್ತೆ ತಿಳಿಯಾಗುತ್ತದೆ. ಅದೇ ಮನೆಯ ಅಂಗಳದಲ್ಲಿ ನಿಂತ ಹತ್ತು ವರ್ಷದ ಕಾರಿನ ಹೆಡ್‌ಲೈಟನ್ನು ಎಷ್ಟು ತೊಳೆದರೂ ಹಳದಿ ಹೋಗುವುದಿಲ್ಲ. ಅದು ಮೇಲೆ ಕೂತ ಕೊಳೆಯಲ್ಲ. ದೀಪದ ಹೊರಮೈಯೇ ಬೇರೆ ವಸ್ತುವಾಗಿ ಮಾರ್ಪಟ್ಟಿರುತ್ತದೆ.

ಹಳೆಯ ಜೀಪುಗಳ ದುಂಡನೆಯ ದೀಪಕ್ಕೆ ಗಾಜಿನ ಮುಖವಿತ್ತು. ಇಂದಿನ ಕಾರುಗಳಲ್ಲಿರುವುದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಡೇನಿಯಲ್ ಫಾಕ್ಸ್ ಪ್ರತ್ಯೇಕವಾಗಿ ಕಂಡುಹಿಡಿದ ಈ ವಸ್ತು ಗಾಜಿನ ಅರ್ಧದಷ್ಟೇ ಭಾರ, ಕಲ್ಲು ಸಿಡಿದರೂ ಸುಲಭಕ್ಕೆ ಒಡೆಯದು, ಬೇಕಾದ ಆಕಾರಕ್ಕೆ ಎರಕ ಹೊಯ್ಯಬಹುದು. ಅದರ ದೌರ್ಬಲ್ಯವೆಂದರೆ ಬಿಸಿಲು. ಸೂರ್ಯನ ನೇರಳಾತೀತ ಕಿರಣಗಳು ಅದರ ಉದ್ದನೆಯ ಅಣುಸರಪಳಿಯನ್ನು ಅಲ್ಲಲ್ಲಿ ಕಡಿಯುತ್ತವೆ, ಗಾಳಿಯ ಆಮ್ಲಜನಕ ಆ ತುಂಡುಗಳೊಡನೆ ಸೇರುತ್ತದೆ, ಹೀಗೆ ಹುಟ್ಟಿದ ಹೊಸ ಸಂಯುಕ್ತಗಳು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ಉಳಿದ ಬೆಳಕು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ಇದನ್ನು ತಡೆಯಲೆಂದೇ ಕಾರ್ಖಾನೆಯಲ್ಲಿ ಒಂದು ಗಟ್ಟಿಯಾದ ತೆಳುಲೇಪನ ಕೊಟ್ಟಿರುತ್ತಾರೆ. ಅದು ಸವೆದು ಸುಲಿಯಲು ತೊಡಗಿದ ಮೇಲೆ ಪ್ಲಾಸ್ಟಿಕ್ಕಿಗೆ ರಕ್ಷಣೆಯಿಲ್ಲ.

ನಮ್ಮ ಕಾರು ನಿಲ್ಲುವ ಜಾಗದಲ್ಲಿ ಎಡಗಡೆಗೆ ಹಲಸಿನ ಮರದ ನೆರಳಿದೆ, ಬಲಗಡೆಗೆ ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುತ್ತದೆ. ಒಂದೇ ದಿನ ಹುಟ್ಟಿದ, ಒಂದೇ ರಸ್ತೆಯ ಕೆಸರು ಕಂಡ ಎರಡು ದೀಪಗಳಲ್ಲಿ ಬಲಗಡೆಯದು ಮೊದಲು ಹಳದಿಯಾಯಿತು.

ಬೆಳಕು ಕಡಿಮೆಯಾಗುವುದಷ್ಟೇ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಹೊರಮೈಯ ಸೂಕ್ಷ್ಮ ಬಿರುಕುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ರಸ್ತೆಯ ಮೇಲೆ ಬೀಳಬೇಕಾದ ಬೆಳಕಿನ ಒಂದು ಪಾಲು ಮೇಲಕ್ಕೆ ಹಾರಿ, ಆಗುಂಬೆ ಘಾಟಿಯ ಮಂಜಿನಲ್ಲಿ ಚಾಲಕನ ಕಣ್ಣೆದುರೇ ಬಿಳಿ ಗೋಡೆ ಕಟ್ಟುತ್ತದೆ, ಎದುರಿನಿಂದ ಬರುವವರ ಕಣ್ಣನ್ನೂ ಕುಕ್ಕುತ್ತದೆ. ಹಿಮ್ಮುರಿ ತಿರುವಿನಲ್ಲಿ ಇದು ನಿಜಕ್ಕೂ ಅಪಾಯ.

ಹಾಳಾದ ಹೊರಪದರವನ್ನು ಉಜ್ಜಿ ತೆಗೆಯಬಹುದು. ಆದರೆ ಉಜ್ಜುವ ಮುನ್ನ ಒಂದು ಚೊಂಬು ನೀರನ್ನು ದೀಪದ ಮೇಲೆ ಹುಯ್ದು ನೋಡಬೇಕು. ನೀರು ಹರಿಯುವಷ್ಟು ಹೊತ್ತು ದೀಪ ತಿಳಿಯಾಗಿ, ಒಣಗಿದೊಡನೆ ಮತ್ತೆ ಮಬ್ಬಾದರೆ ಮಬ್ಬು ಹೊರಮೈಯದ್ದೇ. ಬಿರುಕುಗಳಲ್ಲಿ ಗಾಳಿಯ ಬದಲು ನೀರು ತುಂಬಿದಾಗ ಬೆಳಕು ಅಷ್ಟಾಗಿ ಬಾಗುವುದಿಲ್ಲ: ಬೆಳಕನ್ನು ಬಾಗಿಸುವ ಅಳತೆಯಾದ ವಕ್ರೀಭವನಾಂಕ ಪಾಲಿಕಾರ್ಬೊನೇಟಿನದು ಸುಮಾರು 1.58, ನೀರಿನದು 1.33, ಗಾಳಿಯದು 1; ಎರಡರ ಅಂಕ ಹತ್ತಿರವಾದಷ್ಟೂ ಬಾಗು ಕಡಿಮೆ. ನೀರು ಹುಯ್ದರೂ ಬದಲಾಗದೆ, ಒಳಗೆ ಹನಿಗಟ್ಟಿದ್ದು ಕಂಡರೆ ಹೊರಗೆ ಉಜ್ಜಿ ಪ್ರಯೋಜನವಿಲ್ಲ.

ಸುತ್ತಲಿನ ಬಣ್ಣಕ್ಕೆ ಟೇಪು ಅಂಟಿಸಿ, ಕೆಂಪು ಮಣ್ಣಿನ ಒಂದು ಕಣವೂ ಉಳಿಯದಂತೆ ಸೋಪಿನಿಂದ ತೊಳೆದ ಬಳಿಕ ವಾಟರ್ ಪೇಪರ್ ಎಂಬ ಉಜ್ಜುಕಾಗದವನ್ನು ನೀರಿನಲ್ಲಿ ನೆನೆಸಿ, 1000, 2000, 3000 ನಂಬರಿನ ಕ್ರಮದಲ್ಲಿ (ನಂಬರು ಹೆಚ್ಚಿದಷ್ಟೂ ಕಾಗದ ನಯ) ಉಜ್ಜಬೇಕು. ಮೊದಲ ಸುತ್ತಿನಲ್ಲಿ ಇಳಿಯುವ ನೀರು ಹಳದಿ ಬೆರೆತ ಹಾಲಿನಂತಿರುತ್ತದೆ. ಅದು ಬರೀ ಬಿಳಿಯಾದಾಗ ಹಾಳಾದ ಪದರ ಹೋಯಿತೆಂದು ತಿಳಿಯಬಹುದು. ಆಗ ದೀಪ ಮೊದಲಿಗಿಂತಲೂ ಮಬ್ಬಾಗಿ ಕಾಣುವುದರಿಂದ ಹಲವರು ಗಾಬರಿಯಾಗಿ ಕೈಬಿಡುತ್ತಾರೆ, ಬಿಡಬಾರದು. ಪ್ರತಿ ಪೇಪರೂ ಹಿಂದಿನದರ ಗೀರನ್ನು ಅಳಿಸಿ ತನ್ನ ಸಣ್ಣ ಗೀರನ್ನು ಉಳಿಸುತ್ತದೆ, ಕೊನೆಗೆ ಪಾಲಿಶ್ ಕಾಂಪೌಂಡ್ ಅದನ್ನೂ ನಯಗೊಳಿಸುತ್ತದೆ. ಟೂತ್‌ಪೇಸ್ಟ್ ಮಾಡುವುದೂ ಉಜ್ಜುವ ಕೆಲಸವನ್ನೇ, ಆದರೆ ಅರೆಬರೆಯಾಗಿ. ಥಿನ್ನರ್, ಪೆಟ್ರೋಲ್, ಸೊಳ್ಳೆ ಓಡಿಸುವ ದ್ರಾವಣ ಪ್ಲಾಸ್ಟಿಕ್ಕನ್ನೇ ಕೆಡಿಸುತ್ತವೆ. ಅವುಗಳ ಹತ್ತಿರ ಹೋಗದಿರುವುದು ಲೇಸು.

ಇಲ್ಲಿಗೆ ನಿಲ್ಲಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಅಳಿದುಳಿದ ಲೇಪನವನ್ನೂ ನಾವೇ ಕಿತ್ತುಹಾಕಿರುವುದರಿಂದ ಬೆತ್ತಲೆ ಪ್ಲಾಸ್ಟಿಕ್ ಮೊದಲಿಗಿಂತ ಬೇಗ ಹಳದಿಯಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ನೇರಳಾತೀತ ಕಿರಣ ತಡೆಯುವ, ಹೆಡ್‌ಲೈಟಿಗೆಂದೇ ತಯಾರಾದ ಪಾರದರ್ಶಕ ಲೇಪನವನ್ನು ತೆಳ್ಳಗೆ ಕೊಟ್ಟು ಪೂರ್ತಿ ಒಣಗಲು ಬಿಡಬೇಕು. ಮಳೆಗಾಲದ ತೇವದಲ್ಲಿ ಅದು ಸರಿಯಾಗಿ ಗಟ್ಟಿಯಾಗದ ಕಾರಣ ನಮ್ಮ ಕಡೆ ಫೆಬ್ರವರಿ, ಮಾರ್ಚ್ ತಿಂಗಳೇ ಇದಕ್ಕೆ ತಕ್ಕ ಕಾಲ. ಕಾರ್ಖಾನೆಯ ಲೇಪನದಷ್ಟು ಇದು ಬಾಳುವುದಿಲ್ಲ. ಎರಡು ವರ್ಷದ ಹಿಂದೆ ನಾನು ಕೊಟ್ಟ ಲೇಪನ ಎಡಗಡೆ ಇನ್ನೂ ತಿಳಿಯಾಗಿದೆ. ಬಲದೀಪದ ಮೇಲಂಚಿನಲ್ಲಿ ಬೆರಳಗಲ ಹಳದಿ ಮತ್ತೆ ಇಣುಕಿದೆ.